ತಾಜಮಹಲ್ ಹೋಟೆಲಿನ ಪಿಯಾನೋ

1903ನೆಯ ಇಸವಿಯ ಡಿಸೆಂಬರಿನಲ್ಲಿ ಮುಂಬಯಿಯ ಅಪೊಲೊ ಬಂದರಿನ ಬಳಿ ತಾಜಮಹಲ್ ಹೋಟೆಲು ತೆರೆಯಲ್ಪಟ್ಟಿತು. ಅದೇ ವರುಷ ಅಮೆರಿಕದ ವರ್ಜೀನಿಯಾ ಪ್ರಾಂತದಲ್ಲಿ, ಆಫ್ರಿಕ ಮೂಲದ ಮನೆತನವೊಂದರಲ್ಲಿ ಟೆಡ್ಡಿ ವೆದರ್‌ಫರ್ಡನು ಜನಿಸಿದನು. ವರ್ಣಭೇದದ ಕಟ್ಟಳೆಗಳಿದ್ದ ತಾಯ್ನಾಡಿನ ಷಿಕಾಗೋ ನಗರದಲ್ಲಿ ಪಿಯಾನೋವಾದಕನೆಂದು ಹೆಸರಾಗಿ, 1926ರಲ್ಲಿ ಪೂರ್ವದೇಶಗಳಿಗೆ ಬಂದನು. ಷಾಂಘಾಯಿಯಲ್ಲಿ ನುಡಿಸಿದ ಬಳಿಕ, ಆ ಮುಂದಿನ ದಶಕದಲ್ಲಿ ತಾಜಿನ ನೃತ್ಯಶಾಲೆಯಲ್ಲಿ ನೆಲೆನಿಂತು ಜಾಜ್ ಸಂಗೀತವನ್ನು ಕೇಳಿಸಿದನು.

ಕುಣಿಯಲು ಬಂದ ಸಿರಿವಂತರಿಗೆ ಅದು ಒಂದು ಇರುಳಿನ ವಿನೋದವಷ್ಟೆ. ಆದರೆ ಮೇಳದಲ್ಲಿ ಕುಳಿತು ನುಡಿಸುತ್ತಿದ್ದ ಗೋವೆಯ ತರುಣರಿಗೆ ಅದೇ ಗುರುಕುಲವಾಯಿತು. ಅವರಲ್ಲೊಬ್ಬನಾದ ಫ್ರಾಂಕ್ ಫರ್ನಾಂಡನು ಮುಂದೆ ಹಿಂದೀ ಚಲಚ್ಚಿತ್ರಗಳ ವಾದ್ಯಮೇಳವನ್ನು ಸೇರಿದನು. ಹೋಟೆಲಿನ ಬಾಗಿಲನ್ನು ಕಾಣದವರ ಕಿವಿಗೂ ಆ ಲಯವು ಮುಟ್ಟಿತು.

ವೆದರ್‌ಫರ್ಡನು ಯುದ್ಧಕಾಲದಲ್ಲಿ ಕಲಕತ್ತೆಯ ಗ್ರ್ಯಾಂಡ್ ಹೋಟೆಲಿನಲ್ಲಿ ಮೇಳವನ್ನು ನಡೆಸಿ, 1945ರ ಏಪ್ರಿಲಿನಲ್ಲಿ ಕಾಲರಾಕ್ಕೆ ತುತ್ತಾದನು. ಆಗ ಆತನಿಗೆ 41 ವರುಷ. ದೇಹವು ಪರದೇಶದ ಮಣ್ಣನ್ನು ಸೇರಿತು. ವಿದ್ಯೆಯು ಶಿಷ್ಯರಲ್ಲಿ ಉಳಿಯಿತು.