ಮಯಾಮಿ ನಾಲೆಗಳ ನವಿಲುಮೀನು

ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸವುಳ್ಳವರು ಸಾಮಾನ್ಯವಾಗಿ ಊರು ಬಿಟ್ಟು ಹೊರಡುತ್ತಾರೆ. ಹೊಳೆಯ ಮಡುವನ್ನೋ ಕಾಡಂಚಿನ ಕೆರೆಯನ್ನೋ ಅರಸಿಕೊಂಡು ಹೋಗುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ತುದಿಯಲ್ಲಿ, ಫ್ಲಾರಿಡ ರಾಜ್ಯದ ಕಡಲತೀರದಲ್ಲಿರುವ ಮಯಾಮಿ ನಗರದಲ್ಲಿ ಮಾತ್ರ ಈ ಪದ್ಧತಿ ತಿರುವುಮುರುವಾಗಿದೆ. ಅಲ್ಲಿಗೆ ದೂರದೂರದ ಊರುಗಳಿಂದ ಬರುವ ಹವ್ಯಾಸಿಗಳು ಪೇಟೆಯ ನಡುವೆ ಹರಿಯುವ ನಾಲೆಗಳಿಗೇ ಗಾಳ ಇಳಿಬಿಡುತ್ತಾರೆ. ಯಾವ ನಾಲೆಯ ಯಾವ ಸೇತುವೆಯ ನೆರಳಿನಲ್ಲಿ ಮೀನು ನಿಂತಿರುತ್ತದೆ ಎಂದು ತೋರಿಸಿಕೊಡಲು ಮಾರ್ಗದರ್ಶಕರಿದ್ದಾರೆ. ಅವರಲ್ಲಿ ಅನೇಕರಿಗೆ ಇದೇ ಜೀವನೋಪಾಯ.

ಇಂಥ ವಿಹಾರ ಬೆಳಕು ಹರಿದ ಮೇಲೆಯೇ ಮೊದಲಾಗುವುದು. ಅವರು ಅರಸುವ ಮೀನು ಕಣ್ಣಿನಿಂದ ಬೇಟೆಯಾಡುವಂಥದು. ಕತ್ತಲಾದರೆ ಗಾಳವನ್ನು ಮುಟ್ಟುವುದಿಲ್ಲ. ಚಪ್ಪಟೆ ತಳದ ಪುಟ್ಟ ದೋಣಿ ಮನೆಗಳ ಹಿತ್ತಲುಗಳನ್ನು ಹಾದು, ಹೆದ್ದಾರಿಯ ಸೇತುವೆಗಳ ಕೆಳಗೆ ನುಸುಳಿ, ಮೆಲ್ಲನೆ ಸಾಗುತ್ತದೆ. ವಿಮಾನ ನಿಲ್ದಾಣದ ಪಕ್ಕದಲ್ಲಿಯೇ ಇರುವ ‘ಬ್ಲೂ ಲಗೂನ್’ ಎಂಬ ಸರೋವರ ಈ ಬೇಟೆಗೆ ಹೆಸರುವಾಸಿ. ಅಲ್ಲಿ ತಲೆಯ ಮೇಲೆ ವಿಮಾನಗಳು ಗರ್ಜಿಸುತ್ತಿರುವಾಗಲೇ ನೀರಿನಲ್ಲಿ ಗಾಳ ಓಡುತ್ತಿರುತ್ತದೆ. ಸಿಹಿನೀರಿನಲ್ಲಿ ಮೀನು ಹಿಡಿಯುವ ಈ ಅತಿಥಿಗಳು ರಾಜ್ಯ ಸರ್ಕಾರದ ಪರವಾನಗಿಯನ್ನು ತಾವೇ ಪಡೆದಿರಬೇಕು. ಮಾರ್ಗದರ್ಶಕ ಜೊತೆಗಿದ್ದಾನೆಂದು ಅದರಿಂದ ವಿನಾಯಿತಿಯಿಲ್ಲ.

ಗಾಳಕ್ಕೆ ಸಿಕ್ಕಿದ ಮೀನನ್ನು ನೋಡಿದರೆ ಯಾರಿಗಾದರೂ ಬೆರಗಾಗಬೇಕು. ಹಸಿರು ಬೆರೆತ ಹೊನ್ನಿನ ಮೈ, ಪಕ್ಕೆಯ ಮೇಲೆ ಕಪ್ಪು ಪಟ್ಟೆಗಳು, ಬಾಲದ ಬುಡದಲ್ಲಿ ಹಳದಿ ಉಂಗುರ ತೊಟ್ಟ ಒಂದು ಕಪ್ಪು ಕಣ್ಣು. ಈ ಕಣ್ಣಿನ ದೆಸೆಯಿಂದಲೇ ಅದಕ್ಕೆ ‘ಪೀಕಾಕ್ ಬಾಸ್’ ಎಂಬ ಹೆಸರು ಬಂದದ್ದು. ನಾವು ನವಿಲುಮೀನು ಎನ್ನೋಣ. ಇದರ ತವರು ಫ್ಲಾರಿಡವಲ್ಲ, ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ಅದು ಈಜುತ್ತಿರುವ ನಾಲೆಯೂ ಪ್ರಕೃತಿ ನಿರ್ಮಿಸಿದ್ದಲ್ಲ. ನಾಲೆಯನ್ನು ತೋಡಿಸಿದ್ದೂ ಮೀನನ್ನು ತಂದು ಬಿಟ್ಟಿದ್ದೂ ಸರ್ಕಾರವೇ. ಒಂದು ತಪ್ಪನ್ನು ತಿದ್ದಲು ಹೋಗಿ ಇನ್ನೊಂದು ಕೆಲಸವನ್ನು ಮೈಮೇಲೆ ಹಾಕಿಕೊಳ್ಳುತ್ತ ಬಂದ ಶತಮಾನಕ್ಕೂ ಮಿಕ್ಕಿದ ಚರಿತ್ರೆ ಈ ವಿಹಾರದ ಹಿಂದೆ ಇದೆ.

ಮಯಾಮಿ ನಗರಸಭೆ ಸ್ಥಾಪಿತವಾದದ್ದು 1896ರಲ್ಲಿ. ಆಗ ಊರಿನ ಬೆನ್ನಿಗೇ ‘ಎವರ್‌ಗ್ಲೇಡ್ಸ್’ ಎಂಬ ಮಹಾ ಜೌಗು ಹಬ್ಬಿತ್ತು. ಉತ್ತರದಲ್ಲಿ ಓಕಿಚೋಬಿ ಎಂಬ ವಿಶಾಲ ಸರೋವರ. ಮಳೆಗಾಲದಲ್ಲಿ ಅದು ತುಂಬಿ ನಮ್ಮ ಕೆರೆ ಕೋಡಿ ಬಿದ್ದಂತೆ ದಕ್ಷಿಣದ ಅಂಚಿನಿಂದ ಉಕ್ಕುತ್ತಿತ್ತು. ಆ ನೀರಿಗೆ ಹೊಳೆಯ ಪಾತ್ರವೆಂಬುದಿರಲಿಲ್ಲ. ಸುಮಾರು 100 ಮೈಲಿ ಉದ್ದಕ್ಕೆ, ಹತ್ತಿರ ಹತ್ತಿರ 50 ಮೈಲಿ ಅಗಲಕ್ಕೆ, ಮೊಣಕಾಲುದ್ದದ ತೆಳು ಹಾಸಾಗಿ, ಗರಗಸದಂಚಿನ ಹುಲ್ಲಿನ ನಡುವೆ ಅದು ನಿಧಾನವಾಗಿ ಕಡಲಿನತ್ತ ಜಾರುತ್ತಿತ್ತು.

ಅಂದಿನ ಆಡಳಿತಗಾರರ ಕಣ್ಣಿಗೆ ಇದು ಬರಿಯ ಪಾಳುಭೂಮಿ. 1850ರಲ್ಲಿಯೇ ಕೇಂದ್ರ ಸರ್ಕಾರ ಶಾಸನವೊಂದನ್ನು ಮಾಡಿ ಇಂಥ ಜೌಗುಗಳನ್ನು ಒಣಗಿಸಿಕೊಳ್ಳಿರೆಂದು ರಾಜ್ಯಗಳ ವಶಕ್ಕೆ ಬಿಟ್ಟಿತ್ತು. 1881ರಲ್ಲಿ ಹ್ಯಾಮಿಲ್ಟನ್ ಡಿಸ್ಟನ್ ಎಂಬ ಉದ್ಯಮಿ ಎಕರೆಗೆ 25 ಸೆಂಟಿನಂತೆ 40 ಲಕ್ಷ ಎಕರೆ ನೆಲವನ್ನು ಕೊಂಡ. ಕೆಲಸಕ್ಕೆ ನಿಜವಾದ ವೇಗ ಬಂದದ್ದು ನೆಪೋಲಿಯನ್ ಬೊನಪಾರ್ಟ್ ಬ್ರವರ್ಡ್ ಎಂಬ ಗವರ್ನರನ ಕಾಲದಲ್ಲಿ. 1905ರಿಂದ 1909ರವರೆಗೆ ಅಧಿಕಾರದಲ್ಲಿದ್ದ ಆತನ ವಾದ ಸರಳವಾಗಿತ್ತು: ಸರೋವರ ಕಡಲಿಗಿಂತ ಎತ್ತರದಲ್ಲಿದೆ, ಇಳಿಯಲು ದಾರಿ ಮಾಡಿಕೊಟ್ಟರೆ ನೀರು ತಾನಾಗಿ ಇಳಿಯುತ್ತದೆ. 1906ರಲ್ಲಿ ಹೂಳೆತ್ತುವ ಯಂತ್ರದೋಣಿಗಳು ಕೆಲಸಕ್ಕೆ ನಿಂತವು. ಮಯಾಮಿ ಹೊಳೆಗೆ ಆಗ ಒಂದು ಸಣ್ಣ ಝರಿಯಿತ್ತು. ಹೊಳೆಯನ್ನು ನಾಲೆಗೆ ಜೋಡಿಸುವ ಸಂದರ್ಭದಲ್ಲಿ ಅದು ಶಾಶ್ವತವಾಗಿ ಇಲ್ಲವಾಯಿತು. ಮುಂದೆ ಟ್ಯಾಂಪ ಮತ್ತು ಮಯಾಮಿ ನಗರಗಳನ್ನು ಜೋಡಿಸುವ ‘ಟಮಯಾಮಿ’ ಹೆದ್ದಾರಿಯನ್ನು ಹಾಕಿದಾಗ, ರಸ್ತೆಯನ್ನು ಎತ್ತರಿಸಲು ಕಲ್ಲುಮಣ್ಣು ತೆಗೆದ ಕಂದಕವೇ ಪಕ್ಕದಲ್ಲಿ ಇನ್ನೊಂದು ನಾಲೆಯಾಯಿತು. ಆ ರಸ್ತೆ ಸಂಚಾರಕ್ಕೆ ತೆರೆದದ್ದು 1928ರಲ್ಲಿ.

ನೀರೇನೋ ಇಳಿಯಿತು. ಆದರೆ ಒಣಗಿದ ನೆಲ ಹಾಗೆಯೇ ಉಳಿಯಲಿಲ್ಲ. ಸಾವಿರಾರು ವರ್ಷ ಹುಲ್ಲು ಕೊಳೆತು ಕೂಡಿದ್ದ ಆ ಕಪ್ಪುಮಣ್ಣು ಗಾಳಿ ತಾಕಿದೊಡನೆ ಕರಗತೊಡಗಿತು. ಬೇಸಿಗೆಯಲ್ಲಿ ಬೆಂಕಿ ಹತ್ತಿ ಉರಿಯಿತು. 1924ರಲ್ಲಿ ಬೆಲ್ ಗ್ಲೇಡ್ ಎಂಬಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ 9 ಅಡಿ ಉದ್ದದ ಒಂದು ಕಾಂಕ್ರೀಟ್ ಕಂಬವನ್ನು ಅಡಿಯ ಸುಣ್ಣಕಲ್ಲಿಗೆ ತಾಗುವಂತೆ ಹೂಳಿ, ಅದರ ತಲೆಯನ್ನು ನೆಲದ ಮಟ್ಟಕ್ಕೆ ಸರಿಯಾಗಿ ನಿಲ್ಲಿಸಿದ್ದರು. ಇಂದು ಆ ಕಂಬದ 6 ಅಡಿಗೂ ಮಿಕ್ಕಿದ ಭಾಗ ನೆಲದ ಮೇಲೆ ಕಾಣುತ್ತದೆ. ಕಂಬ ಏಳಲಿಲ್ಲ; ನೆಲ ಇಳಿಯಿತು.

ಇತ್ತ ನೀರಿನ ಭಯವೂ ತಪ್ಪಲಿಲ್ಲ. 1926ರ ಚಂಡಮಾರುತ ಮಯಾಮಿಯನ್ನೇ ನೆಲಸಮ ಮಾಡಿತೆನ್ನಬಹುದು. 1928ರ ಇನ್ನೊಂದು ಚಂಡಮಾರುತಕ್ಕೆ ಓಕಿಚೋಬಿಯ ಏರಿ ಒಡೆದು ಕಡಮೆಯೆಂದರೂ 2,500 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹೊಲಗಳಲ್ಲಿ ದುಡಿಯಲು ಬಂದಿದ್ದ ಬಡ ಕರಿಯ ಕೂಲಿಕಾರರು. 1947ರಲ್ಲಿ ಭಾರಿ ಮಳೆಗೆ ಊರುಗಳೂ ಹೊಲಗಳೂ ಮತ್ತೆ ಮುಳುಗಿದವು. ಅದೇ ವರ್ಷ ಮಾರ್ಜರಿ ಸ್ಟೋನ್‌ಮನ್ ಡಗ್ಲಾಸ್ ಎಂಬ ಲೇಖಕಿ ಈ ಜೌಗನ್ನು ‘ಹುಲ್ಲಿನ ಹೊಳೆ’ ಎಂದು ಕರೆದು ಗ್ರಂಥವೊಂದನ್ನು ಹೊರತಂದರು. ಅದೇ ಡಿಸೆಂಬರಿನಲ್ಲಿ ಅದರ ಒಂದು ಭಾಗವನ್ನು ಅಧ್ಯಕ್ಷ ಟ್ರೂಮನ್ ರಾಷ್ಟ್ರೀಯ ಉದ್ಯಾನವಾಗಿ ಸಮರ್ಪಿಸಿದರು. ಒಂದೇ ವರ್ಷದಲ್ಲಿ ಜೌಗನ್ನು ಉಳಿಸುವ ಮಾತೂ ಬಂದಿತು, ಅದರ ನೀರಿಗೆ ಹೆದರುವ ಕಾರಣವೂ ಒದಗಿತು.

ಮೂರನೆಯದೊಂದು ಅಪಾಯ ಕಣ್ಣಿಗೆ ಕಾಣದಂಥದು. ಮಯಾಮಿಯ ಜನ ಕುಡಿಯುವುದು ಅಂತರ್ಜಲವನ್ನು. ನಗರದ ಅಡಿಯ ಸುಣ್ಣಕಲ್ಲು ಜೇನುಹುಟ್ಟಿನಂತೆ ತೂತುತೂತು; ಆ ತೂತುಗಳಲ್ಲಿಯೇ ನೀರು ನಿಂತಿದೆ. ಈ ಜಲಭಂಡಾರಕ್ಕೆ ‘ಬಿಸ್ಕೇನ್’ ಎಂದು ಹೆಸರು. ಕಡಲಿಗೆ ತೆರೆದ ನಾಲೆಗಳಿಂದ ಸಿಹಿನೀರು ಹೊರಗೆ ಹೋದಷ್ಟೂ ಉಪ್ಪುನೀರು ಒಳಗೆ ನುಗ್ಗಿ ಬಾವಿಗಳನ್ನು ಕೆಡಿಸತೊಡಗಿತು. ಅದಕ್ಕಾಗಿ 1940ರ ದಶಕದಲ್ಲಿ ನಾಲೆಗಳ ಬಾಯಿಗೆ ಉಪ್ಪುನೀರನ್ನು ತಡೆಯುವ ಬಾಗಿಲುಗಳನ್ನಿಡಲು ತೊಡಗಿದರು. 1948ರಲ್ಲಿ ಅಮೆರಿಕದ ಸಂಸತ್ತು ದೊಡ್ಡ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಏರಿ, ತೂಬು, ಪಂಪು, ನಾಲೆಗಳ ಒಂದು ಜಾಲವೇ ಹರಡಿತು. ನೀರನ್ನು ಹೊರಹಾಕಲು ತೋಡಿದ ನಾಲೆಯ ಪಾಲಿಗೆ ಈಗ ನೀರನ್ನು ಹಿಡಿದಿಡುವ ಕೆಲಸವೂ ಬಂದಿತು.

ಈಗ ಮೀನಿನ ಕಥೆಗೆ ಬರೋಣ. ಸುಣ್ಣಕಲ್ಲನ್ನು ಪೆಟ್ಟಿಗೆಯಂತೆ ನೆಟ್ಟಗೆ ಕಡಿದು ಮಾಡಿದ ಈ ನಾಲೆಗಳಿಗೆ ಇಕ್ಕೆಲಗಳಿಂದ ಅಂತರ್ಜಲ ಒರತೆಯಾಗಿ ಒಸರುತ್ತದೆ. ಚಳಿಗಾಲದಲ್ಲಿಯೂ ಅದು ಬೆಚ್ಚಗಿರುವುದರಿಂದ ನಾಲೆಯ ನೀರು ಹೊರಗಿನ ಹವೆಯಷ್ಟು ತಣ್ಣಗಾಗುವುದಿಲ್ಲ. ಉಷ್ಣದೇಶದ ಮೀನಿಗೆ ಇದಕ್ಕಿಂತ ಒಳ್ಳೆಯ ಬಿಡಾರ ಬೇಕೆ? ಆ ಸೀಮೆಯಲ್ಲಿ ಗಾಜಿನ ತೊಟ್ಟಿಗಳಿಗಾಗಿ ಬಣ್ಣದ ಮೀನು ಸಾಕಿ ಮಾರುವ ವ್ಯಾಪಾರವೂ ಬೆಳೆದಿತ್ತು. ಸಾಕುವ ಹೊಂಡಗಳಿಂದ ತಪ್ಪಿಸಿಕೊಂಡವು ಕೆಲವು, ಬೇಸರವಾದ ಮನೆಯವರು ತಂದು ಸುರಿದವು ಕೆಲವು. ದಕ್ಷಿಣ ಅಮೆರಿಕದ ಆಸ್ಕರ್ ಮೀನು ನಾಲೆಯಲ್ಲಿ ನೆಲೆಸಿತು. 1960ರ ದಶಕದಲ್ಲಿ, ಮಳೆಯ ರಾತ್ರಿ ನೆಲದ ಮೇಲೆ ತೆವಳಿ ಹೋಗಬಲ್ಲ ಏಷ್ಯದ ಮೀಸೆಮೀನೊಂದು ಸಾಕುವವರ ಕೈತಪ್ಪಿತು. 1970ರ ದಶಕದಲ್ಲಿ ಪಶ್ಚಿಮ ಆಫ್ರಿಕದ ಚುಕ್ಕೆ ತಿಲಾಪಿಯ ಕಾಣಿಸಿಕೊಂಡು ನಾಲೆ ನಾಲೆಯನ್ನೂ ತುಂಬಿತು. ಇದು ನಮ್ಮವರು ಜಿಲೇಬಿ ಮೀನು ಎಂದು ಕರೆಯುವ ಮೀನಿನ ದಾಯಾದಿ. ಆ ಜಿಲೇಬಿ ಮೀನು 1952ರಲ್ಲಿ ಭಾರತಕ್ಕೆ ಬಂದು ಮುಂದೆ ನಮ್ಮ ಕೆರೆಗಳಲ್ಲಿ ಹೇಗೆ ಹಬ್ಬಿತೆಂಬುದನ್ನು ಕಂಡವರಿಗೆ ಮಯಾಮಿಯವರ ಚಿಂತೆ ಸುಲಭವಾಗಿ ಅರ್ಥವಾದೀತು.

ಬಲೆ ಬೀಸಿ ಈ ಮೀನುಗಳನ್ನು ತೆಗೆದು ಮುಗಿಸುವಂತಿರಲಿಲ್ಲ. ನಾಲೆಗೆ ವಿಷ ಹಾಕಿದರೆ ಊರಿನ ಕುಡಿಯುವ ನೀರಿನ ಗತಿಯೇನು? ಆಗ ರಾಜ್ಯದ ಮತ್ಸ್ಯ ಇಲಾಖೆಯ ವಿಜ್ಞಾನಿಗಳು ಸುಮಾರು ಹತ್ತು ವರ್ಷ ಪರಿಶೀಲಿಸಿ, 1984ರಲ್ಲಿ ನವಿಲುಮೀನಿನ ಮರಿಗಳನ್ನು ನಾಲೆಗಳಿಗೆ ಬಿಟ್ಟರು. ಈ ಕಾರ್ಯದಲ್ಲಿ ಮುಖ್ಯರಾದವರು ಪಾಲ್ ಶಾಫ್ಲಂಡ್ ಎಂಬ ಮತ್ಸ್ಯವಿಜ್ಞಾನಿ. ಅನ್ಯ ಮೀನುಗಳನ್ನು ತಿನ್ನಲು ಒಂದು ಬೇಟೆಗಾರ ಮೀನು, ಹವ್ಯಾಸಿಗಳಿಗೆ ಒಂದು ಗಾಳದ ಮೀನು, ಹೀಗೆ ಎರಡು ಉದ್ದೇಶ. ಅದನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು. ನೀರಿನ ಉಷ್ಣತೆ 60 ಡಿಗ್ರಿ ಫ್ಯಾರನ್‌ಹೀಟಿಗಿಂತ, ಅಂದರೆ ಸುಮಾರು 16 ಡಿಗ್ರಿ ಸೆಂಟಿಗ್ರೇಡಿಗಿಂತ, ಇಳಿದರೆ ಈ ಮೀನು ಬದುಕುವುದಿಲ್ಲ. ಕಡಲಿನ ಉಪ್ಪೂ ಅದಕ್ಕೆ ಸೇರದು. ಉತ್ತರಕ್ಕೆ ಚಳಿಯ ಬೇಲಿ, ಪೂರ್ವಕ್ಕೆ ಉಪ್ಪಿನ ಬೇಲಿ. ಬಿಟ್ಟ ಮೀನು ಬಿಟ್ಟ ಸೀಮೆಯನ್ನು ದಾಟಿ ಹೋಗದೆಂಬುದು ಅವರ ಎಣಿಕೆ.

ಎಣಿಕೆ ಬಹುಮಟ್ಟಿಗೆ ಸರಿಹೋಯಿತು. ತಂದೆತಾಯಿ ಎರಡೂ ಕೂಡಿ ಮೊಟ್ಟೆ ಮರಿಗಳನ್ನು ಕಾಯುವ ಈ ಮೀನು ಬೇಗನೆ ಬೇರೂರಿತು. ನಾಡಿನ ಸ್ವಂತ ಮೀನುಗಳಿಗೆ ಅದರಿಂದ ದೊಡ್ಡ ಹಾನಿಯಾಗಲಿಲ್ಲವೆಂದು ಇಲಾಖೆಯ ಅಧ್ಯಯನಗಳು ಹೇಳಿದವು. ಇಂದು ಒಬ್ಬರು ದಿನಕ್ಕೆ ಎರಡಕ್ಕಿಂತ ಹೆಚ್ಚು ನವಿಲುಮೀನುಗಳನ್ನು ಇಟ್ಟುಕೊಳ್ಳುವಂತಿಲ್ಲ. ಆ ಎರಡರಲ್ಲಿ 17 ಅಂಗುಲ ಅಥವಾ ಅದಕ್ಕಿಂತ ಉದ್ದನೆಯದು ಒಂದೇ ಇರಬೇಕು. ಬೇರೆ ಮೀನನ್ನು ತಿನ್ನಲು ಬಂದ ಮೀನಿಗೇ ಕಾನೂನಿನ ರಕ್ಷಣೆ ದೊರೆಯಿತು.

ಹಾಗೆಂದು ಹಿಂದಿನ ಅತಿಥಿಗಳು ಹೊರಟುಹೋಗಲಿಲ್ಲ. ಆಸ್ಕರ್, ತಿಲಾಪಿಯಗಳು ಇಂದಿಗೂ ಅದೇ ನಾಲೆಯಲ್ಲಿವೆ. 2000ನೆಯ ಇಸವಿಯಲ್ಲಿ ಮಯಾಮಿಯ ಉತ್ತರಕ್ಕಿರುವ ಟಾಮರಾಕ್ ಊರಿನಲ್ಲಿ ಹಾವಿನ ತಲೆಯ ಮೀನೊಂದು ಸಿಕ್ಕಿತು. ಅದು ನಮ್ಮ ಕೆರೆಗಳ ಕೊರವ ಮೀನಿನ ಕುಲಕ್ಕೆ ಸೇರಿದ್ದು. ಅದೂ ಈಗ ಅಲ್ಲಿ ನೆಲೆಸಿದೆ; ಮಾರ್ಗದರ್ಶಕರು ಅದನ್ನೂ ತಮ್ಮ ವಿಹಾರದ ಪಟ್ಟಿಗೆ ಸೇರಿಸಿಕೊಂಡಿದ್ದಾರೆ. ಇತ್ತ ಬೇಲಿಯ ಬಲವನ್ನು 2010ರ ಜನವರಿ ತೋರಿಸಿತು. ದಿನಗಟ್ಟಲೆ ಕೊರೆದ ಚಳಿಗೆ ನವಿಲುಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಒರತೆಯ ಬೆಚ್ಚನೆಯ ನೀರಿನಲ್ಲಿ ಉಳಿದವುಗಳಿಂದ ಕುಲ ಕೆಲವು ವರ್ಷಗಳಲ್ಲಿ ಚೇತರಿಸಿಕೊಂಡಿತು.

ಈಗ ಎರಡು ಬೇಲಿಗಳೂ ಅಲುಗಾಡುವ ಕಾಲ ಬಂದಿದೆ. ಹವೆ ಬಿಸಿಯೇರಿದಂತೆ ಚಳಿಯ ಬೇಲಿ ಉತ್ತರಕ್ಕೆ ಸರಿಯುತ್ತದೆ. ಕಡಲಿನ ಮಟ್ಟ ಏರಿದಂತೆ ಉಪ್ಪು ಪಶ್ಚಿಮಕ್ಕೆ ಒತ್ತುತ್ತದೆ. ಹೊರಗಿನ ಕಡಲು ನಾಲೆಯಷ್ಟೇ ಎತ್ತರಕ್ಕೆ ಬಂದಾಗ ತೂಬಿನ ಬಾಗಿಲನ್ನು ತೆರೆದೂ ಪ್ರಯೋಜನವಿಲ್ಲ, ಮಳೆನೀರನ್ನು ಪಂಪಿನಿಂದ ಎತ್ತಿ ಹಾಕಬೇಕಾಗುತ್ತದೆ. 2000ದಲ್ಲಿ ಸಂಸತ್ತು ಒಪ್ಪಿದ ಇನ್ನೊಂದು ಬೃಹತ್ ಯೋಜನೆ ಎವರ್‌ಗ್ಲೇಡ್ಸಿಗೆ ಹಳೆಯ ಹರಿವನ್ನು ಆದಷ್ಟು ಮರಳಿಸಲು ಹೊರಟಿದೆ. ಆದರೆ ಮೂಲ ಜೌಗಿನ ಅರ್ಧದಷ್ಟು ಹೊಲವಾಗಿ, ಮನೆಯಾಗಿ, ರಸ್ತೆಯಾಗಿ ಹೋಗಿದೆ. ಅಲ್ಲಿ ನೆಲೆಸಿರುವ ಲಕ್ಷಾಂತರ ಜನರನ್ನು ಎಬ್ಬಿಸಿ ಹೊಳೆಗೆ ಜಾಗ ಬಿಡಿಸಲಾದೀತೆ?

ನೀರನ್ನು ಒಂದು ಸಲ ತಿರುಗಿಸಿದವರು ಅದನ್ನು ಎಂದೆಂದಿಗೂ ಕಾಯಬೇಕಾಗುತ್ತದೆ ಎಂಬುದೇ ಈ ನಾಲೆಗಳ ಚರಿತ್ರೆಯಿಂದ ಎದ್ದು ಕಾಣುವ ಮಾತು. 1906ರಲ್ಲಿ ಬ್ರವರ್ಡನ ಯಂತ್ರದೋಣಿಗಳು ಕೆಲಸ ತೊಡಗಿದಾಗ, ನೀರು ತಾನಾಗಿ ಇಳಿದುಹೋಗುತ್ತದೆ, ಅಲ್ಲಿಗೆ ಕೆಲಸ ತೀರಿತು ಎಂದು ಎಲ್ಲರೂ ನಂಬಿದ್ದರು. ಅಂದಿನಿಂದ ಇಂದಿನವರೆಗೆ ಆ ಕೆಲಸ ಒಂದು ದಿನವೂ ನಿಂತಿಲ್ಲ. ಇಂದು ಬೆಳಗ್ಗೆ ಅಲ್ಲಿ ಯಾರೋ ಒಬ್ಬರ ಗಾಳಕ್ಕೆ ನವಿಲುಮೀನು ಬಿದ್ದಿದ್ದರೆ, ಎಲ್ಲೋ ಒಂದು ತೂಬಿನ ಬಳಿ ಇನ್ನಾರೋ ಕುಳಿತು ನೀರಿನ ಮಟ್ಟವನ್ನು ನೋಡಿಕೊಂಡಿದ್ದಾರೆಂದೇ ಅರ್ಥ.