ಗರಸು ನೆಲದ ಒಡಲಲ್ಲಿ

ಮರಳುಗಾಡು ಎಂಬ ನಮ್ಮ ಮಾತು ತುಸು ದಾರಿ ತಪ್ಪಿಸುವಂಥದು. ಆ ಮಾತು ಕಿವಿಗೆ ಬಿದ್ದೊಡನೆ ಅಲೆಅಲೆಯಾಗಿ ಹಬ್ಬಿದ ಮರಳಿನ ದಿಬ್ಬಗಳೂ ಅವುಗಳ ಮೇಲೆ ಸಾಲುಗಟ್ಟಿ ನಡೆಯುವ ಒಂಟೆಗಳೂ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಆದರೆ ಜಗತ್ತಿನ ಒಣನಾಡುಗಳಲ್ಲಿ ಮರಳು ಹರಡಿರುವುದು ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಮಾತ್ರ. ಉಳಿದುದರಲ್ಲಿ ಹೆಚ್ಚಿನದು ಬಂಡೆ ಮತ್ತು ಗರಸು. ಚಿತ್ರಕಾರರ ಕಣ್ಣಿಗೆ ಅಷ್ಟಾಗಿ ಬೀಳದ ಈ ಗರಸು ನೆಲವೇ ಇಂದಿನ ಮಾತಿನ ವಸ್ತು. ಇತಿಹಾಸದ ಪುಸ್ತಕಗಳಲ್ಲಿ ಅರಸರಿಗೆ ಸ್ಥಾನವುಂಟು, ಕಾಳಗಗಳಿಗೆ ಸ್ಥಾನವುಂಟು; ಮಣ್ಣಿಗೆ ಸ್ಥಾನ ದೊರೆಯುವುದು ಅಪರೂಪ. ಆದರೂ ಇರಾನಿನ ನಡುನಾಡಿನ ಇತಿಹಾಸವನ್ನು ಅಲ್ಲಿಯ ಗರಸು ನೆಲವನ್ನು ಬಿಟ್ಟು ಬರೆಯಲು ಬರುವುದಿಲ್ಲ.

ಇರಾನಿನ ಪ್ರಸ್ಥಭೂಮಿಯನ್ನು ಉತ್ತರದಲ್ಲಿ ಆಲ್ಬುರ್ಜ್, ಪಶ್ಚಿಮದಲ್ಲಿ ಜಾಗ್ರೋಸ್ ಪರ್ವತಶ್ರೇಣಿಗಳು ಬಳಸಿ ನಿಂತಿವೆ. ಮೋಡಗಳು ತಂದ ತೇವವೆಲ್ಲ ಈ ಬೆಟ್ಟಗಳಲ್ಲೇ ಬಹುಮಟ್ಟಿಗೆ ಮುಗಿದುಹೋಗುತ್ತದೆ. ನಡುವಿನ ಯಜ್ದ್ ನಗರಕ್ಕೆ ವರ್ಷವಿಡೀ ಬೀಳುವ ಮಳೆ ಸುಮಾರು 60 ಮಿಲಿಮೀಟರ್. ಆದರೆ ಆ ನಗರದ ನೈಋತ್ಯಕ್ಕೆ 4000 ಮೀಟರಿಗೂ ಎತ್ತರವಾದ ಶಿರ್‌ಕೂಹ್ ಪರ್ವತವಿದೆ; ಚಳಿಗಾಲದಲ್ಲಿ ಅದರ ನೆತ್ತಿಯ ಮೇಲೆ ಹಿಮ ಕೂಡುತ್ತದೆ. ಹಿಮ ಕರಗಿದಾಗ, ಅಥವಾ ಅಪರೂಪಕ್ಕೆ ಬಿರುಮಳೆ ಹೊಡೆದಾಗ, ನೀರು ಕಿರಿದಾದ ಕಣಿವೆಗಳಲ್ಲಿ ಕಲ್ಲುಮಣ್ಣುಗಳನ್ನು ಹೊತ್ತು ನುಗ್ಗುತ್ತದೆ. ಕಣಿವೆಯ ಬಾಯಿ ದಾಟಿ ಬಯಲಿಗೆ ಬಂದೊಡನೆ ಅದರ ಇಕ್ಕಟ್ಟು ಕಳೆಯುತ್ತದೆ, ವೇಗ ಕುಗ್ಗುತ್ತದೆ, ಹೊರೆ ಕೈಜಾರುತ್ತದೆ. ಕಣದಲ್ಲಿ ರಾಶಿ ತೂರುವುದನ್ನು ನೀವು ಕಂಡಿರಬಹುದು: ಗಟ್ಟಿಕಾಳು ಹತ್ತಿರದಲ್ಲೇ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ. ಪ್ರವಾಹವೂ ಹೀಗೆಯೇ ತೂರುತ್ತದೆ. ಗುಂಡುಕಲ್ಲುಗಳು ಕಣಿವೆಯ ಬಾಯಲ್ಲೇ ನಿಲ್ಲುತ್ತವೆ. ಮುಂದೆ ಗರಸು, ಅದರಾಚೆ ಮರಳು, ಕಟ್ಟಕಡೆಗೆ ನುಣ್ಣನೆಯ ಜೇಡಿ. ತೊರೆ ಇಂದು ಎಡಕ್ಕೆ, ನಾಳೆ ಬಲಕ್ಕೆ ಪಾತ್ರ ಬದಲಿಸುತ್ತ ಹೋದಂತೆ ಈ ಹಾಸು ಬೀಸಣಿಗೆ ಬಿಚ್ಚಿದ ಆಕಾರ ತಳೆಯುತ್ತದೆ. ಇದನ್ನೇ ಭೂಗೋಳ ಶಾಸ್ತ್ರದಲ್ಲಿ ಮೆಕ್ಕಲು ಬೀಸಣಿಗೆ ಎಂದು ಕರೆಯುತ್ತಾರೆ.

ಮೆಕ್ಕಲು ಎಂದರೆ ನಮಗೆ ಹೊಳೆಯುವುದು ನದೀಬಯಲಿನ ಫಲವತ್ತಾದ ಮಣ್ಣು. ಈ ಬೀಸಣಿಗೆಯ ಮಣ್ಣು ಅದರ ತದ್ವಿರುದ್ಧ. ಕೊಳೆತು ಮಣ್ಣಾಗಲು ಸೊಪ್ಪುಸದೆ ಇಲ್ಲದ ಕಾರಣ ಇದರಲ್ಲಿ ಕಪ್ಪು ಸಾರ ಅತ್ಯಲ್ಪ. ಸುಣ್ಣ ಮತ್ತು ಕ್ಷಾರದ ಗುಣ ಹೆಚ್ಚು. ಮೇಲ್ಮೈಯಲ್ಲಿ ಕಲ್ಲುಗಳು ಒಂದಕ್ಕೊಂದು ಒತ್ತಾಗಿ ಕುಳಿತು ಯಾರೋ ನೆಲಗಟ್ಟು ಹಾಸಿದಂತೆ ಕಾಣುತ್ತವೆ. ಬಹುಕಾಲ ಕದಲದೆ ಇದ್ದ ಕಲ್ಲುಗಳ ಬೆನ್ನಿಗೆ ಕಬ್ಬಿಣ ಮತ್ತು ಮ್ಯಾಂಗನೀಸಿನ ಕಪ್ಪು ಮೆರುಗು ಹತ್ತಿರುತ್ತದೆ. ಆ ಹಾಸನ್ನು ಎಬ್ಬಿಸಿದರೆ ಕೆಳಗೆ ಗಾಳಿಗುಳ್ಳೆಗಳಿಂದ ತುಂಬಿದ, ಕಲ್ಲೇ ಇಲ್ಲವೆನ್ನಬಹುದಾದ ತೆಳು ಧೂಳಿನ ಪದರ. ಅದರ ಕೆಳಗೆ ಮತ್ತೆ ಗರಸು. ಅಲ್ಲಿ ಹರಳುಗಳ ಹೊಟ್ಟೆಗೆ ಬಿಳಿಯ ಸುಣ್ಣದ ಲೇಪ.

ಮೇಲೆ ಕಲ್ಲು, ನಡುವೆ ಧೂಳು ಎಂಬ ಈ ವಿಚಿತ್ರ ವ್ಯವಸ್ಥೆ ಹೇಗಾಯಿತು? ಗಾಳಿ ಮಣ್ಣನ್ನು ಹೊತ್ತೊಯ್ದು ಕಲ್ಲನ್ನು ಉಳಿಸಿತು ಎಂಬುದು ಹಳೆಯ ವಿವರಣೆ. ಅದು ಕೆಲವೆಡೆಗೆ ಸಲ್ಲಬಹುದು. ಆದರೆ ಕ್ಯಾಲಿಫೋರ್ನಿಯದ ಮೊಹಾವೆ ಮರುಭೂಮಿಯಲ್ಲಿ ಲಾವಾ ಹರಿದ ನೆಲಗಳನ್ನು ಪರೀಕ್ಷಿಸಿದ ಮ್ಯಾಕ್‌ಫ್ಯಾಡನ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಬೇರೊಂದು ವಿವರಣೆ ಕೊಟ್ಟರು. ಗಾಳಿ ಒಯ್ಯುವುದಷ್ಟೇ ಅಲ್ಲ, ತರುತ್ತದೆ ಕೂಡ. ತಂದ ಧೂಳು ಕಲ್ಲುಗಳ ಸಂದಿಯಲ್ಲಿ ಇಳಿದು ಅಡಿಯಲ್ಲಿ ಸೇರುತ್ತ ಹೋದಂತೆ ಕಲ್ಲುಗಳು ಕೂದಲೆಳೆಯಷ್ಟು, ಕೂದಲೆಳೆಯಷ್ಟು ಮೇಲೇಳುತ್ತವೆ. ಅಂದರೆ ಆ ಕಲ್ಲುಗಳು ಹುಟ್ಟಿದಂದಿನಿಂದ ಮೇಲ್ಮೈಯಲ್ಲೇ ಇದ್ದು, ಅವುಗಳ ಕೆಳಗೆ ಮಣ್ಣು ಬೆಳೆದಿದೆ. ಸುಣ್ಣದ ಲೇಪಕ್ಕೂ ಇಂಥದೇ ಕಥೆಯುಂಟು. ನ್ಯೂ ಮೆಕ್ಸಿಕೋದ ಒಣಭೂಮಿಯಲ್ಲಿ ಕೆಲಸ ಮಾಡಿದ ಗೈಲ್, ಪೀಟರ್ಸನ್, ಗ್ರಾಸ್‌ಮನ್ ಎಂಬ ಮಣ್ಣುವಿಜ್ಞಾನಿಗಳು 1966ರಲ್ಲಿ ಸುಣ್ಣ ಕೂಡಿಕೊಳ್ಳುವ ಹಂತಗಳನ್ನು ಗುರುತಿಸಿದರು. ಮೊದಲು ಹರಳಿಗೆ ತೆಳುಲೇಪ, ಆಮೇಲೆ ಸಂದುಗಳ ಭರ್ತಿ, ಕೊನೆಗೆ ಗಾರೆ ಹಾಕಿದಂತೆ ಗಟ್ಟಿಯಾದ ಹಾಸು. ಗರಸಿನಲ್ಲಿ ಕಲ್ಲೇ ಬಹುಪಾಲು ಜಾಗ ಹಿಡಿದಿರುವುದರಿಂದ ಸಂದುಗಳು ಬೇಗ ತುಂಬುತ್ತವೆ. ಬೇಗ ಎಂದರೂ ಅದು ಮಣ್ಣಿನ ಲೆಕ್ಕದ ಬೇಗ. ಗಟ್ಟಿಹಾಸು ಬಲಿಯಲು ಹತ್ತಾರು ಸಾವಿರ, ಕೆಲವೆಡೆ ಲಕ್ಷಾಂತರ ವರ್ಷಗಳೇ ಹಿಡಿಯುತ್ತವೆ. ಇಂಥ ನೆಲ ಗಾಯವನ್ನು ಮರೆಯುವುದೂ ಅಷ್ಟೇ ನಿಧಾನ. ಎರಡನೆಯ ಮಹಾಯುದ್ಧದ ಸೈನ್ಯಶಿಕ್ಷಣಕ್ಕಾಗಿ 1942ರಿಂದ ಮೊಹಾವೆಯಲ್ಲಿ ಓಡಾಡಿದ ಟ್ಯಾಂಕುಗಳ ಜಾಡು ದಶಕಗಳು ಕಳೆದರೂ ಅಳಿಯದೆ ಉಳಿಯಿತು.

ಈ ಗುಣಗಳನ್ನು ಕೂಡಿಸಿ ನೋಡಿದರೆ ಗರಸು ನೆಲದ ನಿಜವಾದ ಸ್ವಭಾವ ತಿಳಿಯುತ್ತದೆ. ಹಳೆಯ ಹಾಸುಗಳ ಮೇಲೆ ಬಿದ್ದ ನೀರನ್ನು ಧೂಳಿನ ಪದರ ಒಳಗೆ ಬಿಡದೆ ಪಕ್ಕಕ್ಕೆ ಹರಿಸುತ್ತದೆ. ಹೊಸ ಗರಸು ತುಂಬಿದ ತೊರೆಯ ಪಾತ್ರವಾದರೋ ಹರಿದುಬಂದುದನ್ನೆಲ್ಲ ಹೀರುತ್ತದೆ. ಆದರೆ ಹೀರಿದ ನೀರನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳಲು ಗರಸಿಗೆ ಬಾರದು. ಅದು ನೀರನ್ನು ಆಳಕ್ಕೆ ಇಳಿಬಿಡುತ್ತದೆ. ಇದೇ ಅದರ ದೋಷ, ಇದೇ ಅದರ ಹಿರಿಮೆ. ಜೇಡಿಮಣ್ಣಿನ ಮೇಲೆ ನಿಂತ ನೀರನ್ನು ಬಿಸಿಲು ಕುಡಿದುಬಿಡುತ್ತದೆ. ಗರಸಿನೊಳಗೆ ಇಳಿದ ನೀರಿಗೆ ಬಿಸಿಲಿನ ಭಯವಿಲ್ಲ. ಹೀಗೆ ಬೆಟ್ಟದ ಬುಡದಲ್ಲಿ ನೀರು ಅಡಗಿರುತ್ತದೆ, ಆದರೆ ಅಲ್ಲಿ ಬೆಳೆಗೆ ತಕ್ಕ ಮಣ್ಣಿಲ್ಲ. ಬೀಸಣಿಗೆಯ ಅಂಚಿನಲ್ಲಿ ಉಳಬಹುದಾದ ಮಣ್ಣಿದೆ, ಆದರೆ ನೀರಿಲ್ಲ. ಇವೆರಡನ್ನು ಕೂಡಿಸುವ ಕೆಲಸ ಮನುಷ್ಯನ ಪಾಲಿಗೆ ಬಂತು. ಅದನ್ನು ಮಾಡಿದ ಸಾಧನವೇ ಕನಾತ್.

ಕನಾತ್ ಎಂದರೆ ನೆಲದೊಳಗಿನ ಕಾಲುವೆ. ಬೀಸಣಿಗೆಯ ಮೇಲ್ಭಾಗದಲ್ಲಿ ನೀರು ಸಿಗುವವರೆಗೆ ಒಂದು ಬಾವಿ ತೋಡುತ್ತಾರೆ, ಅದು ತಾಯಿಬಾವಿ. ಅದರ ನೀರಿನ ಮಟ್ಟಕ್ಕೆ ಹೊಂದುವಂತೆ ಕೆಳಗಿನ ಊರಿನ ಕಡೆಯಿಂದ ಬಹು ಅಲ್ಪ ಇಳಿಜಾರಿನ ಸುರಂಗವನ್ನು ಬೆಟ್ಟದ ಕಡೆಗೆ ಕೊರೆಯುತ್ತ ಬರುತ್ತಾರೆ. ಗಾಳಿಯಾಡಲು ಮತ್ತು ಮಣ್ಣು ಮೇಲೆತ್ತಲು ನಡುನಡುವೆ ಕಂಡಿಬಾವಿಗಳು. ಸುರಂಗ ಪೂರ್ಣವಾದ ಮೇಲೆ ರಾಟೆ ಬೇಡ, ಎತ್ತು ಬೇಡ. ನೀರು ತನ್ನ ಭಾರದಿಂದಲೇ ಹರಿದು ಊರಿನ ಬಳಿ ಬೆಳಕು ಕಾಣುತ್ತದೆ. ಗೊನಾಬಾದಿನ ಕನಾತ್ 30 ಕಿಲೋಮೀಟರಿಗೂ ಉದ್ದವಾಗಿದೆ. ಅದರ ತಾಯಿಬಾವಿಯ ಆಳ 200 ಮೀಟರಿಗೂ ಹೆಚ್ಚು. ಇದನ್ನು ತೋಡುವ ಕುಶಲಕರ್ಮಿಗೆ ಮುಕನ್ನಿ ಎಂದು ಹೆಸರು. ದೀಪದ ಜ್ವಾಲೆ ನೋಡಿ ಸುರಂಗದ ನೇರವನ್ನೂ ಒಳಗಿನ ಗಾಳಿಯ ಕೆಡುಕನ್ನೂ ಅರಿಯುತ್ತಿದ್ದವನು ಆತ. ಸುಣ್ಣ ಬಲಿತ ಗರಸಿನಲ್ಲಿ ಸುರಂಗದ ಮಾಡು ತಾನಾಗಿಯೇ ನಿಲ್ಲುತ್ತದೆ. ಸಡಿಲ ನೆಲದಲ್ಲಿ ಸುಟ್ಟ ಮಣ್ಣಿನ ಬಳೆಗಳನ್ನು ಕೂಡಿಸಿ ಕುಸಿತವನ್ನು ತಡೆಯಬೇಕು. ಮಣ್ಣಿನ ಗುಣವನ್ನು ತಪ್ಪಾಗಿ ತಿಳಿದರೆ ತೆರಬೇಕಾದ ಬೆಲೆ ಪ್ರಾಣ.

ಈ ವಿದ್ಯೆ ಮೊದಲು ಎಲ್ಲಿ ಹುಟ್ಟಿತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ; ಇರಾನೆಂದು ಕೆಲವರು, ಅರೇಬಿಯದ ಆಗ್ನೇಯ ಭಾಗವೆಂದು ಕೆಲವರು. ಆದರೆ ಅದರ ಅತಿ ಹಳೆಯ ವರ್ಣನೆಗಳಲ್ಲೊಂದನ್ನು ಬರೆದವನು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್. ಕ್ರಿ.ಪೂ. 209ರಲ್ಲಿ ಆಂಟಿಯೋಕಸ್ ದೊರೆ ಪಾರ್ಥಿಯದ ಅರ್ಸಾಸೀಸನ ಮೇಲೆ ದಂಡೆತ್ತಿ ಹೋದ ಸಂದರ್ಭ ಅದು. ನೆಲದ ಮೇಲೆ ನೀರಿನ ಗುರುತೇ ಇಲ್ಲದ ಆ ನಾಡಿನಲ್ಲಿ ಅರಿಯದವರ ಕಣ್ಣಿಗೆ ಬೀಳದ ಬಾವಿಗಳೂ ಒಳಗಾಲುವೆಗಳೂ ಇದ್ದುವೆಂದು ಆತ ಹೇಳುತ್ತಾನೆ. ನೀರಿಲ್ಲದ ನೆಲಕ್ಕೆ ನೀರು ತಂದವರಿಗೆ ಆ ಭೂಮಿಯ ಅನುಭೋಗವನ್ನು ಐದು ತಲೆಮಾರಿನವರೆಗೆ ಹಿಂದಿನ ಪಾರಸಿಕ ಅರಸರು ಬಿಟ್ಟುಕೊಟ್ಟಿದ್ದರಂತೆ. ಆಂಟಿಯೋಕಸನ ಸೈನ್ಯ ಮುಂದೊತ್ತಿ ಬಂದಾಗ ಅರ್ಸಾಸೀಸನು ಮಾಡಿದ ಮೊದಲ ಕೆಲಸವೆಂದರೆ ಆ ಬಾವಿಗಳನ್ನು ಮುಚ್ಚಿಸತೊಡಗಿದ್ದು. ಪಾಲಿಬಿಯಸ್ ಇನ್ನೊಂದು ಮಾತನ್ನೂ ಸೇರಿಸುತ್ತಾನೆ: ನೀರನ್ನು ಬಳಸುತ್ತಿದ್ದವರಿಗೇ ಅದು ಎಲ್ಲಿಂದ ಬರುತ್ತದೆಂಬುದು ಆಗಲೇ ಮರೆತುಹೋಗಿತ್ತು. ಎರಡು ಸಾವಿರ ವರ್ಷಗಳಾಚೆಯಿಂದ ಕೇಳಿಬರುವ ಈ ಮಾತು ಇಂದಿಗೂ ಚುಚ್ಚುವಂಥದು.

ಆ ಮರೆವಿಗೆ ಮದ್ದನ್ನೂ ಆ ನಾಡಿನವರೇ ಹುಡುಕಿದರು. ಒಂಬತ್ತನೆಯ ಶತಮಾನದಲ್ಲಿ ಖುರಾಸಾನಿನ ಅಧಿಪತಿಯಾಗಿದ್ದ ಅಬ್ದುಲ್ಲಾ ಇಬ್ನ್ ತಾಹಿರ್, ಕನಾತುಗಳ ವ್ಯಾಜ್ಯ ತೀರಿಸಲು ಧರ್ಮಶಾಸ್ತ್ರಜ್ಞರನ್ನು ಕೂಡಿಸಿ ಒಂದು ನ್ಯಾಯಗ್ರಂಥವನ್ನೇ ಬರೆಸಿದನು. 1017ರ ಸುಮಾರಿಗೆ ಗಣಿತಜ್ಞ ಅಲ್ ಕರಜಿ ಗುಪ್ತಜಲವನ್ನು ಹೊರತೆಗೆಯುವುದನ್ನು ಕುರಿತು ಪುಸ್ತಕ ಬರೆದನು. ಬೀಜಗಣಿತದಲ್ಲಿ ಹೆಸರಾದ ವಿದ್ವಾಂಸನೊಬ್ಬ ಮಣ್ಣು, ಇಳಿಜಾರು, ಅಳತೆಯ ಉಪಕರಣಗಳನ್ನು ಕುರಿತು ಬರೆದನೆಂಬುದು ಆ ಕಾಲದ ವಿದ್ವತ್ತಿನ ಹಿರಿಮೆಯನ್ನು ತೋರುತ್ತದೆ. ಬಾವಿ ಬಾವಿಗಳ ನಡುವೆ ಇರಬೇಕಾದ ಅಂತರವೂ ನೆಲದ ಗುಣವನ್ನು ಅನುಸರಿಸಿತ್ತು. ನೀರು ಸಲೀಸಾಗಿ ಸಾಗುವ ಸಡಿಲ ಮಣ್ಣಿನಲ್ಲಿ ಹೆಚ್ಚು ದೂರ, ಗಟ್ಟಿನೆಲದಲ್ಲಿ ಕಡಿಮೆ. ಅಂದರೆ ಕಾನೂನು ಮಣ್ಣಿನ ಮಾತನ್ನು ಕೇಳುತ್ತಿತ್ತು.

ಈ ವಿದ್ಯೆ ನಮ್ಮ ನಾಡಿಗೂ ಬಂದಿತು. ಬೀದರಿಗೆ ರಾಜಧಾನಿಯನ್ನು ತಂದ ಬಹಮನಿ ಅಹ್ಮದ್ ಷಾ, ಇರಾನಿನ ಕೆರ್ಮಾನ್ ಸೀಮೆಯ ಮಾಹಾನ್ ಊರಿನ ಸಂತ ನಿಯಾಮತುಲ್ಲಾನ ಭಕ್ತನಾಗಿದ್ದನು. ಆ ಸಂತನ ವಂಶದವರು ಬೀದರಿಗೆ ಬಂದು ನೆಲೆಸಿದರು. ಕೆರ್ಮಾನ್ ಕನಾತುಗಳ ತವರುನಾಡುಗಳಲ್ಲೊಂದು. ಹದಿನೈದನೆಯ ಶತಮಾನದ ಆ ಒಡನಾಟದ ಕುರುಹಾಗಿ ಬೀದರಿನ ನೌಬಾದಿನಲ್ಲಿ ಕರೇಜ್ ಎಂಬ ಸುರಂಗ ಕಾಲುವೆ ಉಳಿದಿದೆ. ಆದರೆ ಬೀದರಿನಲ್ಲಿ ಗರಸಿನ ಬೀಸಣಿಗೆ ಇಲ್ಲ. ಇಲ್ಲಿ ನೀರನ್ನು ಇಳಿಬಿಡುವುದು ರಂಧ್ರಮಯವಾದ ಜಂಬಿಟ್ಟಿಗೆ, ತಡೆಯುವುದು ಅದರಡಿಯ ಕರಿಕಲ್ಲು. ಬಂದವರು ತಮ್ಮೂರಿನ ನಕ್ಷೆಯನ್ನು ಹೇರದೆ ಇಲ್ಲಿನ ನೆಲವನ್ನು ಓದಿಕೊಂಡರು.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಇರಾನಿನಲ್ಲಿ ಈ ಓದು ನಿಂತಿತು. ಆಳಬಾವಿಗಳು ಬಂದವು, ಪಂಪುಗಳು ಬಂದವು. 1962ರಲ್ಲಿ ಆರಂಭವಾದ ಭೂಸುಧಾರಣೆಯಿಂದ ಹಳೆಯ ಜಮೀನ್ದಾರಿ ಸಡಿಲಿತು. ಅದರೊಡನೆ ಕನಾತುಗಳ ದುರಸ್ತಿಗೆ ಹಣ ಹೂಡುತ್ತಿದ್ದ ವ್ಯವಸ್ಥೆಯೂ ಸಡಿಲಿತು. ಹಳೆಯದೆಲ್ಲ ಚಿನ್ನವೆಂದು ಇದರ ಅರ್ಥವಲ್ಲ. ಕನಾತಿನ ನೀರು ಬೇಡದ ಚಳಿಗಾಲದಲ್ಲೂ ಹರಿದುಹೋಗುತ್ತಿತ್ತು. ಅದರ ಲಾಭದ ಸಿಂಹಪಾಲು ಒಡೆಯನದು, ಅಪಾಯವೆಲ್ಲ ಮುಕನ್ನಿಯದು. ಕತ್ತಲ ಸುರಂಗದಿಂದ ಮನುಷ್ಯನನ್ನು ಮೇಲಕ್ಕೆ ತಂದ ಪಂಪನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕನಾತ್ ಎಂಬುದು ಕೊಡದ ಪಕ್ಕದಲ್ಲಿ ಕೊರೆದ ತೂತಿನಂತೆ. ನೀರು ಅಲ್ಲಿಗೆ ಇಳಿದರೆ ಹರಿವು ತಾನೇ ನಿಲ್ಲುತ್ತದೆ. ಬೆಟ್ಟ ಕೊಟ್ಟಷ್ಟನ್ನೇ ಅದು ತರಬಲ್ಲದು. ಪಂಪಿಗೆ ಆ ಕಟ್ಟಿಲ್ಲ, ಕೊಡದ ತಳವನ್ನೂ ಬಳಿಯಬಲ್ಲದು.

ಬಳಿದುದರ ಫಲವೂ ಮಣ್ಣಿನಲ್ಲೇ ಕಾಣಿಸಿತು. ಜಲಮಟ್ಟ ಇಳಿದು ಸಾವಿರಾರು ಕನಾತುಗಳು ಬತ್ತಿದವು. ಬೀಸಣಿಗೆಯ ಅಂಚಿನ ಜೇಡಿಯ ಪದರಗಳು ನೀರು ಕಳೆದುಕೊಂಡು ಅಮುಕಿ ಕುಳಿತವು. ಆಲ್ಬುರ್ಜಿನ ಬುಡದ ಬೀಸಣಿಗೆಗಳ ಮೇಲೆ ಬೆಳೆದ ಟೆಹರಾನಿನ ನೈಋತ್ಯದ ಬಯಲು ಕೆಲವೆಡೆ ವರ್ಷಕ್ಕೆ 20 ಸೆಂಟಿಮೀಟರಿಗೂ ಹೆಚ್ಚು ಕುಸಿದುದನ್ನು ಉಪಗ್ರಹಗಳ ಅಳತೆ ತೋರಿಸಿದೆ. ಹೀಗೆ ಅಮುಕಿದ ಜೇಡಿ, ಮಳೆ ಬಂದರೂ ಮೊದಲಿನಂತೆ ಉಬ್ಬಿ ನೀರಿಗೆ ಎಡೆ ಕೊಡುವುದಿಲ್ಲ. ಬರಿದಾದ ಕಣಜವನ್ನು ಮತ್ತೆ ತುಂಬಬಹುದು. ಕುಸಿದ ಕಣಜದಲ್ಲಿ ತುಂಬುವುದೆಲ್ಲಿ?

2016ರಲ್ಲಿ ಯುನೆಸ್ಕೊ ಸಂಸ್ಥೆ ಇರಾನಿನ 11 ಕನಾತುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬೀದರಿನ ಕರೇಜಿನ ಹೂಳನ್ನೂ ಅದೇ ದಶಕದಲ್ಲಿ ತೆಗೆಯತೊಡಗಿದರು. ಇವು ಸಂತೋಷದ ಸಂಗತಿಗಳು. ಆದರೆ ಸುರಂಗವನ್ನು ಕಾಪಾಡಿ, ಅದಕ್ಕೆ ನೀರೂಡುವ ನೆಲವನ್ನು ಮರೆತರೆ ಉಳಿಯುವುದು ಖಾಲಿ ಸುರಂಗ ಮಾತ್ರ. ಬಂಜರೆಂದು ನಾವು ಕಡೆಗಣಿಸುವ ಗರಸು ನೆಲ ತನಗಾಗಿ ಒಂದು ಹನಿಯನ್ನೂ ಕೂಡಿಡದೆ, ಬಂದುದನ್ನೆಲ್ಲ ಕೆಳಗಿನವರಿಗಾಗಿ ಒಡಲಿಗೆ ಇಳಿಬಿಟ್ಟಿತು. ಅದು ಕೊಡುವ ಗತಿ ಬೆಟ್ಟದ ಹಿಮದ ಗತಿ. ಆ ಗತಿಗೆ ತಮ್ಮ ಬಾಳನ್ನು ಹೊಂದಿಸಿಕೊಂಡವರಿಗೆ ಆ ನೆಲ ಎರಡು ಸಾವಿರ ವರ್ಷ ನೀರು ಕೊಟ್ಟಿತು. ಕೆಲವು ದಶಕಗಳ ಆತುರಕ್ಕೆ ಅದರಲ್ಲಿ ಉತ್ತರವಿರಲಿಲ್ಲ.