ರೋಗನಿರೋಧಕ ಶಕ್ತಿಯ ಪ್ರಯೋಗಗಳಲ್ಲಿ ಜನರ ಪಾಲ್ಗೊಳ್ಳುವಿಕೆ: ಇತಿಹಾಸ

ಲಸಿಕೆ, ಔಷಧ ಅಥವಾ ರೋಗಾಣುವಿಗೆ ದೇಹದ ರೋಗನಿರೋಧಕ ವ್ಯವಸ್ಥೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಮನುಷ್ಯರಲ್ಲೇ ಪರೀಕ್ಷಿಸಿ ತಿಳಿಯುವ ಅಧ್ಯಯನಗಳಿಗೆ ಸುಮಾರು ಮುನ್ನೂರು ವರ್ಷಗಳ ಇತಿಹಾಸವಿದೆ. ಪ್ರಾಣಿಗಳಲ್ಲಿ ಕಂಡ ಫಲ ಮನುಷ್ಯರಲ್ಲೂ ಕಾಣುತ್ತದೆಂಬ ಖಾತರಿ ಇಲ್ಲವಾದ್ದರಿಂದ ಯಾರಾದರೂ ಮೊದಲು ತೋಳೊಡ್ಡಲೇಬೇಕು. ಹಾಗೆ ತೋಳೊಡ್ಡಿದವರು ಯಾರು, ಅವರಿಗೆ ಏನನ್ನು ತಿಳಿಸಲಾಗಿತ್ತು, ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿತ್ತೇ ಎಂಬ ಪ್ರಶ್ನೆಗಳಿಗೆ ಕಾಲಕಾಲಕ್ಕೆ ದೊರೆತ ಉತ್ತರಗಳೇ ಈ ಇತಿಹಾಸದ ತಿರುಳು.

ಆರಂಭ

1721ರಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಆರು ಕೈದಿಗಳಿಗೆ ಸಿಡುಬಿನ ಕೀವನ್ನು ಚರ್ಮದೊಳಗೆ ಸೇರಿಸಲಾಯಿತು. ಬದುಕಿ ಉಳಿದರೆ ಬಿಡುಗಡೆ ಎಂಬುದು ಅವರಿಗೆ ಕೊಟ್ಟ ಮಾತು. ಆರೂ ಮಂದಿ ಉಳಿದರು. ಅವರಲ್ಲಿ ಒಬ್ಬಾಕೆಯನ್ನು ಸಿಡುಬು ರೋಗಿಗಳ ಆರೈಕೆಗೆ ಕಳುಹಿಸಿದರು. ಆಕೆಗೆ ರೋಗ ತಗುಲಲಿಲ್ಲ. 1796ರ ಮೇ 14ರಂದು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಹಾಲು ಕರೆಯುವ ಹೆಣ್ಣುಮಗಳ ಕೈಮೇಲಿದ್ದ ಗೋಸಿಡುಬಿನ ಗುಳ್ಳೆಯ ದ್ರವವನ್ನು ಎಂಟು ವರ್ಷದ ಜೇಮ್ಸ್ ಫಿಪ್ಸ್‌ಗೆ ಹಾಕಿದ. ಜುಲೈನಲ್ಲಿ ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವು ಹಾಕಿದಾಗಲೂ ರೋಗ ಬರಲಿಲ್ಲ. ಸಿಡುಬನ್ನು ಭೂಮಿಯಿಂದಲೇ ಅಳಿಸಿದ ಲಸಿಕೆ ಹುಟ್ಟಿದ್ದು ಇಲ್ಲಿಂದ. ಮರಣದಂಡನೆಯ ಭಯದಲ್ಲಿದ್ದ ಕೈದಿಗಳಿಗಾಗಲಿ, ತೋಟದ ಕೂಲಿಯವನ ಮಗನಿಗಾಗಲಿ ‘ಒಲ್ಲೆ’ ಎನ್ನುವ ದಾರಿ ಹೆಚ್ಚೇನೂ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಮುಂಬಯಿಯ ಪ್ಲೇಗ್ ಲಸಿಕೆ

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಸೂಕ್ಷ್ಮಜೀವಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಅಲ್ಲಿನ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಾನೇ ಚುಚ್ಚಿಸಿಕೊಂಡ. ಜ್ವರ, ನೋವು ಬಂದು ಇಳಿದ ಮೇಲೆ, ಪ್ಲೇಗ್ ಕಾಣಿಸಿಕೊಂಡಿದ್ದ ಬೈಕುಲ್ಲಾ ಜೈಲಿನಲ್ಲಿ ಪ್ರಯೋಗ ನಡೆಯಿತು. ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿ, ಉಳಿದವರೊಂದಿಗೆ ಅವರನ್ನು ಹೋಲಿಸಿ ನೋಡಲಾಯಿತು. ಒಂದೇ ಗೋಡೆಯೊಳಗೆ ಒಂದೇ ಊಟ ಉಂಡು ಬದುಕುವ ಎರಡು ಗುಂಪುಗಳ ಈ ಹೋಲಿಕೆ ಆ ಕಾಲಕ್ಕೆ ಸ್ಪಷ್ಟವಾದ ಪುರಾವೆ ಒದಗಿಸಿತು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಇದೇ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಒಂದು ಬಾಟಲಿ ಕಲುಷಿತಗೊಂಡಿತ್ತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡ. ಅವನ ತಪ್ಪಿಲ್ಲವೆಂದು ಸರ್ಕಾರ ಒಪ್ಪಲು 1907ರ ವರೆಗೆ ಕಾಯಬೇಕಾಯಿತು.

ದೊಡ್ಡ ಕ್ಷೇತ್ರ ಪ್ರಯೋಗಗಳು

1954ರಲ್ಲಿ ಜೋನಾಸ್ ಸಾಲ್ಕ್‌ನ ಪೋಲಿಯೊ ಲಸಿಕೆಯ ಪರೀಕ್ಷೆಯಲ್ಲಿ ಅಮೆರಿಕದ ಸುಮಾರು 18 ಲಕ್ಷ ಮಕ್ಕಳು ಸೇರಿದರು. ಕೆಲವರಿಗೆ ಲಸಿಕೆ, ಕೆಲವರಿಗೆ ಹುಸಿಮದ್ದು. ಇನ್ನೊಂದು ದೊಡ್ಡ ಗುಂಪನ್ನು ಏನನ್ನೂ ಕೊಡದೆ ಗಮನಿಸಲಾಯಿತು. 1955ರ ಏಪ್ರಿಲ್ 12ರಂದು ಫಲಿತಾಂಶ ಹೊರಬಿದ್ದು ಲಸಿಕೆ ಯಶಸ್ವಿಯೆಂದು ಘೋಷಣೆಯಾಯಿತು.

1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಆರಂಭವಾದ, ಕ್ಷಯದ ಲಸಿಕೆ ಬಿಸಿಜಿಯ ಪ್ರಯೋಗದ ಫಲ ಬೇರೆಯಾಗಿತ್ತು. ಎರಡೂವರೆ ಲಕ್ಷಕ್ಕೂ ಹೆಚ್ಚು ಹಳ್ಳಿಗರು ಇದರಲ್ಲಿ ಪಾಲ್ಗೊಂಡರು. ಚುಚ್ಚಿದ ಕೆಲವು ವಾರಗಳಲ್ಲಿ ಚರ್ಮದ ಪರೀಕ್ಷೆ ದೇಹ ಸ್ಪಂದಿಸಿದ್ದನ್ನು ತೋರಿಸಿತು. ಆದರೂ ವರ್ಷಗಟ್ಟಲೆ ಗಮನಿಸಿದಾಗ ವಯಸ್ಕರ ಶ್ವಾಸಕೋಶದ ಕ್ಷಯದಿಂದ ರಕ್ಷಣೆ ಸಿಕ್ಕಿರಲಿಲ್ಲ. ಪರೀಕ್ಷೆಯಲ್ಲಿ ಕಾಣುವ ಸ್ಪಂದನೆ ಬೇರೆ, ರೋಗದಿಂದ ರಕ್ಷಣೆ ಬೇರೆ ಎಂಬ ಪಾಠವನ್ನು ವಿಜ್ಞಾನಕ್ಕೆ ಕಲಿಸಿದವರಲ್ಲಿ ಚೆಂಗಲ್ಪಟ್ಟಿನ ರೈತ ಕೂಲಿ ಕುಟುಂಬಗಳಿವೆ. ಅವರಿಗೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

ಸಮ್ಮತಿಯ ಪ್ರಶ್ನೆ

ನಾಜಿ ವೈದ್ಯರ ವಿಚಾರಣೆಯ ನಂತರ 1947ರಲ್ಲಿ ರೂಪುಗೊಂಡ ನ್ಯೂರೆಂಬರ್ಗ್ ಸಂಹಿತೆ, ವ್ಯಕ್ತಿಯ ಸ್ವಇಚ್ಛೆಯ ಸಮ್ಮತಿ ಅನಿವಾರ್ಯ ಎಂದು ಸಾರಿತ್ತು. ಆದರೂ ಪ್ರಸಿದ್ಧ ಆಸ್ಪತ್ರೆಗಳು ಅದನ್ನು ತಮಗೆ ಸಂಬಂಧಿಸಿದ್ದೆಂದು ಭಾವಿಸಲಿಲ್ಲ. ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಸಂಸ್ಥೆಯ ಚೆಸ್ಟರ್ ಸೌತಮ್, ಕ್ಯಾನ್ಸರ್ ಕೋಶಗಳನ್ನು ದೇಹ ಹೇಗೆ ತಿರಸ್ಕರಿಸುತ್ತದೆ ಎಂಬುದನ್ನು ಅರಿಯಲು ಹೊರಟಿದ್ದ. ಓಹಿಯೊ ಜೈಲಿನ ಆರೋಗ್ಯವಂತ ಕೈದಿಗಳ ದೇಹ ಆ ಕೋಶಗಳನ್ನು ಬೇಗ ತಿರಸ್ಕರಿಸಿತ್ತು; ಕ್ಯಾನ್ಸರ್ ರೋಗಿಗಳಲ್ಲಿ ಅದು ನಿಧಾನವಾಗಿತ್ತು. ಈ ನಿಧಾನಕ್ಕೆ ಕಾರಣ ಕ್ಯಾನ್ಸರೋ, ಬರಿಯ ನಿಶ್ಶಕ್ತಿಯೋ ಎಂದು ತಿಳಿಯಲು 1963ರ ಜುಲೈನಲ್ಲಿ ಬ್ರೂಕ್ಲಿನ್‌ನ ಯಹೂದಿ ದೀರ್ಘರೋಗಿಗಳ ಆಸ್ಪತ್ರೆಯ 22 ರೋಗಿಗಳಿಗೆ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಲಾಯಿತು. ಕ್ಯಾನ್ಸರ್ ಎಂಬ ಮಾತನ್ನು ಅವರೆದುರು ಎತ್ತಲೇ ಇಲ್ಲ.

ಈ ಕೆಲಸಕ್ಕೆ ಕೈಹಾಕಲು ಅಲ್ಲಿನ ಮೂವರು ಕಿರಿಯ ವೈದ್ಯರು ಒಪ್ಪದೆ ರಾಜೀನಾಮೆ ಕೊಟ್ಟರು. ವಿಷಯ ನ್ಯಾಯಾಲಯ ಮುಟ್ಟಿತು. ಸೌತಮ್‌ಗೆ ವೈದ್ಯ ಪರವಾನಗಿ ಮಂಡಳಿಯಿಂದ ಒಂದು ವರ್ಷದ ನಿಗಾವಣೆಯ ಶಿಕ್ಷೆಯಾಯಿತು; ಕೆಲವೇ ವರ್ಷಗಳಲ್ಲಿ ಅವನು ಅಮೆರಿಕದ ಕ್ಯಾನ್ಸರ್ ಸಂಶೋಧನಾ ಸಂಘದ ಅಧ್ಯಕ್ಷನೂ ಆದ. ಇಂತಹ 22 ಅಧ್ಯಯನಗಳನ್ನು ಅಮೆರಿಕದ ವೈದ್ಯ ಹೆನ್ರಿ ಬೀಚರ್ 1966ರಲ್ಲಿ ಬಯಲಿಗಿಟ್ಟ. ಅದೇ ವರ್ಷ, ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಹಣ ಪಡೆಯುವ ಸಂಶೋಧನೆಗಳಿಗೆ ಸಮಿತಿಯ ಪೂರ್ವ ಪರಿಶೀಲನೆ ಕಡ್ಡಾಯವಾಯಿತು. ಇಂದಿನ ನೈತಿಕ ಸಮಿತಿಗಳ ಮೂಲ ಇಲ್ಲಿದೆ.

ನಾರ್ತ್‌ವಿಕ್ ಪಾರ್ಕ್, 2006

ಸಮ್ಮತಿ ಪತ್ರಕ್ಕೆ ಸಹಿ ಬಿದ್ದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ ಎಂಬುದು 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ತಿಳಿಯಿತು. ಟಿಜಿಎನ್1412 ಎಂಬ ಪ್ರತಿಕಾಯ ಔಷಧವನ್ನು ಆರು ಆರೋಗ್ಯವಂತ ಯುವಕರಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಒಬ್ಬರಾದ ಮೇಲೊಬ್ಬರಿಗೆ ಕೊಡಲಾಯಿತು. ಪ್ರಮಾಣ, ಪ್ರಾಣಿಗಳಲ್ಲಿ ಸುರಕ್ಷಿತವೆಂದು ಕಂಡಿದ್ದರ 500ರಲ್ಲಿ ಒಂದು ಭಾಗ. ಎರಡು ಗಂಟೆಯೊಳಗೆ ಎಲ್ಲರಿಗೂ ತಲೆನೋವು, ನಡುಕ, ವಾಂತಿ. ಮಾರನೆಯ ದಿನದ ಹೊತ್ತಿಗೆ ಅಂಗಾಂಗಗಳೇ ಸೋಲತೊಡಗಿದವು. ಔಷಧ ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳನ್ನು ಒಮ್ಮೆಲೇ ಕೆರಳಿಸಿ, ಸೈಟೊಕೈನ್‌ಗಳೆಂಬ ರಾಸಾಯನಿಕ ಸಂಕೇತಗಳು ಮಿತಿಮೀರಿ ಸುರಿಯುವಂತೆ ಮಾಡಿತ್ತು. ಆರೂ ಜನ ಬದುಕಿದರು; ಒಬ್ಬರು ಬೆರಳುಗಳನ್ನು ಕಳೆದುಕೊಂಡರು. ಈ ಔಷಧ ಹಿಡಿದುಕೊಳ್ಳುವ ಸಿಡಿ28 ಅಣು, ಪರೀಕ್ಷೆಗೆ ಬಳಸಿದ ಕೋತಿಗಳ ಕೆಲವು ಟಿ-ಕೋಶಗಳ ಮೇಲೆ ಇರಲೇ ಇಲ್ಲವೆಂದು ಆಮೇಲೆ ತಿಳಿಯಿತು. ಹೊಸ ಔಷಧವನ್ನು ಮೊದಲು ಒಬ್ಬರಿಗೇ ಕೊಟ್ಟು, ಕಾದು ನೋಡಿ, ನಂತರವೇ ಮುಂದಿನವರಿಗೆ ಕೊಡಬೇಕೆಂಬ ನಿಯಮ ಬಿಗಿಯಾದದ್ದು ಈ ಆರು ಯುವಕರ ಸಂಕಟದಿಂದ.

ಭಾರತದ ನಿಯಮಗಳು

ವೈದ್ಯಕೀಯ ಪ್ರಯೋಗಗಳ ಸಾರ್ವಜನಿಕ ನೋಂದಣಿ ವ್ಯವಸ್ಥೆ ಭಾರತದಲ್ಲಿ 2007ರಲ್ಲಿ ಆರಂಭವಾಗಿ 2009ರಲ್ಲಿ ಕಡ್ಡಾಯವಾಯಿತು. 2009ರಲ್ಲೇ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ನೀಡುವ ಅಧ್ಯಯನ ಶುರುವಾಗಿ, 2010ರಲ್ಲಿ ನಿಂತಿತು. ಆ ಅವಧಿಯಲ್ಲಿ ಸಂಭವಿಸಿದ ಏಳು ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಹಾಸ್ಟೆಲ್‌ಗಳಲ್ಲಿದ್ದ ಬಾಲಕಿಯರ ಪರವಾಗಿ ತಂದೆತಾಯಿಗಳ ಬದಲು ವಾರ್ಡನ್‌ಗಳು ಸಹಿ ಹಾಕಿದ್ದು ಬೆಳಕಿಗೆ ಬಂತು. ಸಂಸದೀಯ ಸಮಿತಿ 2013ರಲ್ಲಿ ಇದನ್ನು ಕಟುವಾಗಿ ಖಂಡಿಸಿತು.

2019ರ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗ ನಿಯಮಗಳ ಪ್ರಕಾರ ಮಾಹಿತಿ ಪತ್ರ ಪಾಲ್ಗೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದು ಬಾರದವರಿಗೆ ಪಕ್ಷಪಾತವಿಲ್ಲದ ಸಾಕ್ಷಿಯ ಎದುರು ವಿವರಿಸಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಕಾರಣ ಹೇಳದೆ ಯಾವಾಗ ಬೇಕಾದರೂ ಹೊರಬರಬಹುದು.

ಕೋವಿಡ್ ಮತ್ತು ನಂತರ

2020ರಲ್ಲಿ ಈ ನಿಯಮಗಳು ತುರ್ತಿನ ಪರೀಕ್ಷೆಗೆ ಒಳಗಾದವು. ಕೋವ್ಯಾಕ್ಸಿನ್‌ನ ಮೊದಲ ಹಂತಕ್ಕೆ ಬೆಳಗಾವಿಯ ಜೀವನರೇಖಾ ಆಸ್ಪತ್ರೆಯಲ್ಲಿಯೂ, ಕೋವಿಶೀಲ್ಡ್ ಪರೀಕ್ಷೆಗೆ ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಲ್ಲಿಯೂ ಸ್ವಯಂಸೇವಕರು ಮುಂದೆ ಬಂದರು. ಲಸಿಕೆಗೆ ಮೊದಲು ಮತ್ತು ನಂತರ ನಿಗದಿತ ದಿನಗಳಲ್ಲಿ ರಕ್ತ ಕೊಟ್ಟು, ಪ್ರತಿಕಾಯಗಳ ಏರಿಳಿತವನ್ನು ಅಳೆಯಲು ನೆರವಾದರು. ಕೋವ್ಯಾಕ್ಸಿನ್‌ನ ಮೂರನೆಯ ಹಂತಕ್ಕೆ 25,798 ಮಂದಿ ಸೇರಿದರು. ಇದೇ ಹೊತ್ತಿಗೆ ಭೋಪಾಲದಲ್ಲಿ ಕೆಲವು ಬಡವರು, ತಾವು ಪ್ರಯೋಗಕ್ಕೆ ಸೇರಿದ್ದೇ ಗೊತ್ತಿರಲಿಲ್ಲ ಎಂದು ದೂರಿದರು. ಆಸ್ಪತ್ರೆ ಅದನ್ನು ನಿರಾಕರಿಸಿತು.

ಲಂಡನ್ನಿನಲ್ಲಿ 2021ರಲ್ಲಿ 36 ಯುವ ಸ್ವಯಂಸೇವಕರು ಕೊರೊನಾ ವೈರಸ್ಸನ್ನು ತಿಳಿದೂ ಮೂಗಿನೊಳಗೆ ಹಾಕಿಸಿಕೊಂಡರು. ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಸೋಂಕು ತಗುಲಿತು. ಉಳಿದವರ ದೇಹ ಅದನ್ನು ಹೇಗೆ ತಡೆಯಿತು ಎಂಬುದು ಈಗಲೂ ಅಧ್ಯಯನದ ವಿಷಯ. ನ್ಯೂಗೇಟ್ ಕೈದಿಗಳಿಗೂ ಇವರಿಗೂ ಇರುವ ಅಂತರವನ್ನು ದುಡಿದು ಗಳಿಸಿಕೊಟ್ಟವರು ಮೋಸಹೋದವರು, ನೊಂದವರು ಮತ್ತು ಅವರ ಪರ ನಿಂತವರು. ಮಾಹಿತಿ ಪತ್ರವನ್ನು ಓದುವುದು, ಪ್ರಶ್ನೆ ಕೇಳುವುದು, ಅದರ ಪ್ರತಿಯನ್ನು ಮನೆಗೆ ಒಯ್ಯುವುದು ಇಂದು ಪಾಲ್ಗೊಳ್ಳುವ ಪ್ರತಿಯೊಬ್ಬರ ಹಕ್ಕು. ಅಧ್ಯಯನ ಮುಗಿದ ಮೇಲೆ ಫಲಿತಾಂಶವನ್ನು ಅವರ ಭಾಷೆಯಲ್ಲೇ ಅವರಿಗೆ ತಲುಪಿಸುವುದು ಸಂಶೋಧಕರು ತೀರಿಸಬೇಕಾದ ಋಣ.